ಅರ್ಧ ಸೀಸೆ

“ಮೊದ್ಲು ಹೋಗಿ ಮೈಮ್ಯಾಲಿನ ಕೆಂಪು ಧೂಳ ತೊಳಕೊಂಡು ಬಾ, ಆಮ್ಯಾಲೆ ನಂಗ ಸೂಜಿ ಹಾಕೋದು ಕಲಿಸುವಂತಿ. ಸಾಲಿ ಬಿಟ್ಟು ಲಾರಿ ಹೊಡಿಯೋರೆಲ್ಲ ಇಲ್ಲಿ ಬಂದು ಡಾಕ್ಟರ್ ಆಗಿಬಿಡ್ತಾರ.”

ಹೊಸಪೇಟೆಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನ ನಟ್ಟನಡುವೆ ನಿಂತು, ಸ್ಟೀಲಿನ ಟ್ರೇ ಹಿಡಿದುಕೊಂಡೇ ಸಿಸ್ಟರ್ ಸುನಿತಾ ಈ ಮಾತು ಆಡಿದಳು. ಗುಟ್ಟಾಗಿ ಆಡಲಿಲ್ಲ, ಬಾಗಿಲ ಬಳಿಯ ಮಂಚದವರಿಗೂ ಕೇಳುವಂತೆ ಆಡಿದಳು. ಕೇಳಿದವರು ನಕ್ಕರು. ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದವಳೊಬ್ಬಳು ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಒತ್ತಿಹಿಡಿದುಕೊಂಡು ನಕ್ಕಳು. ಮೂಲೆಯ ಮಂಚದಲ್ಲಿ ಎಡಗಾಲಿಗೆ ತೊಡೆಯ ತನಕ ಊತ ಏರಿಸಿಕೊಂಡು ಮಲಗಿದ್ದ ಭರಮಮ್ಮ ಮಾತ್ರ ನಗಲಿಲ್ಲ. ಆದರೆ ಮಗ ದುರುಗೇಶನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಹೊರಳಿದಳು. ಅವನಿಗೆ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು.

ಅವನೂ ಸುಮ್ಮನೆ ನಿಂತಿರಲಿಲ್ಲ ಅನ್ನಿ. ಮೊದಲು ಬಾಯಿ ಬಿಟ್ಟವನು ಅವನೇ. ಸಿಸ್ಟರ್ ಬೆರಳುದ್ದದ ಸೀಸೆಯಿಂದ ಔಷಧಿ ಎಳೆದು, ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ಟ್ರೇಗೆ ಹಾಕಿ ಹೊರಟಾಗ ಅಡ್ಡ ನಿಂತು, ಉಳಿದ ಅರ್ಧ ಯಾವ ಮೆಡಿಕಲ್ ಶಾಪಿಗೆ ಹೋಗುತ್ತದೆ ಎಂದು ಕೇಳಿದ್ದ. ಕೇಳುವಾಗ ಅವನ ದನಿಯೂ ಬಾಗಿಲ ತನಕ ಮುಟ್ಟಿತ್ತು.

ಹಾಗೆ ಕೇಳಲು ಅವನಿಗೆ ಕಾರಣವಿತ್ತು. ಅವನು ಬದುಕುತ್ತಿದ್ದ ಲೋಕದಲ್ಲಿ ಯಾವುದೂ ಅರ್ಧ ಉಳಿಯುತ್ತಿರಲಿಲ್ಲ. ಚೀನಾದವರು ಇಲ್ಲಿಯ ಮಣ್ಣಿಗೆ ಬಂಗಾರದ ಬೆಲೆ ಕಟ್ಟಿದ ಮೇಲೆ ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಇಳಿಯತೊಡಗಿದ್ದವು. ದುರುಗೇಶ ಆ ಲಾರಿಗಳಲ್ಲಿ ಒಂದನ್ನು ಹೊಡೆಯುತ್ತಿದ್ದ. ಪರ್ಮಿಟ್ಟಿನಲ್ಲಿ ಬರೆದ ತೂಕ ಒಂದು, ಲಾರಿಗೆ ಸುರಿದ ತೂಕ ಇನ್ನೊಂದು. ದಾರಿಯಲ್ಲಿ ಅದಿರು ಇಳಿಸಿಕೊಳ್ಳುವವರು ಬೇರೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವವರು ಬೇರೆ. ಎಲ್ಲಿ ಏನು ಕಡಿಮೆ ಬಿತ್ತೋ ಅಲ್ಲಿ ಒಬ್ಬನ ಜೇಬು ಉಬ್ಬಿದೆ ಎಂದೇ ಅರ್ಥ. ಇದನ್ನು ಅವನಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ, ರಸ್ತೆ ಕಲಿಸಿತ್ತು. ಬೇಲಿಯೇ ಎದ್ದು ಹೊಲ ಮೇಯುವ ಊರಿನಲ್ಲಿ ಸಿಸ್ಟರೊಬ್ಬಳು ಅರ್ಧ ಸೀಸೆ ಉಳಿಸಿಕೊಂಡಳೆಂದರೆ ಅದನ್ನು ಮಾರಿಕೊಳ್ಳಲಿಕ್ಕಲ್ಲದೆ ಮತ್ತೇತಕ್ಕೆ?

ಇನ್ನೊಂದು ಕಾರಣ ಪಕ್ಕದ ಮಂಚದಲ್ಲಿಯೇ ಇತ್ತು. ಅಲ್ಲಿ ಮಲಗಿದ್ದವಳು ಬುಕ್ಕಸಾಗರದ ಸಂಗಮ್ಮ. ಕಾಲುವೆ ಬದಿಯಲ್ಲಿ ಗದ್ದೆ, ಕಂಪ್ಲಿಯಲ್ಲಿ ಮೈದುನನ ಅಕ್ಕಿ ಗಿರಣಿ, ಹಣೆಯ ತುಂಬ ವಿಭೂತಿ, ನೋಡಲು ಬರುವವರ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಆಕೆಗೂ ಕೀವಿನ ಜ್ವರವೇ, ಬೆನ್ನಿನ ಕುರು ಒಡೆದು ನಂಜಾಗಿತ್ತು. ಆಕೆಗೆ ಹಾಕುತ್ತಿದ್ದುದೂ ಅದೇ ಸೀಸೆಯ ಔಷಧಿಯೇ. ಆದರೆ ಆಕೆಗೆ ಪೂರ್ತಿ ಸೀಸೆ, ಅದೂ ಬೆಳಿಗ್ಗೆ ಒಂದು, ಸಂಜೆ ಒಂದು. ಭರಮಮ್ಮನಿಗೆ ಇಡೀ ದಿನಕ್ಕೆ ಅರ್ಧ. ದುರುಗೇಶ ಕಣ್ಣಾರೆ ನೋಡಿದ್ದ. ನೋಡಿದ ಮೇಲೆ ಕೂತಲ್ಲಿ ಕೂಡಲಾರದೆ ವಾರ್ಡಿಗೂ ಗೇಟಿಗೂ ಓಡಾಡಿಕೊಂಡೇ ಇದ್ದ.

ಡಾಕ್ಟರಾದರೂ ಹೇಳಬಹುದಿತ್ತು. ಅವರು ದಿನಾ ರೌಂಡ್ಸಿಗೆ ಬಂದು ಮಂಚದ ಕಾಲ ಬುಡದಲ್ಲಿ ನಿಂತು, ರಕ್ತ ಪರೀಕ್ಷೆಯ ಚೀಟಿ ನೋಡಿ, ಸಿಸ್ಟರ್ ಜತೆ ಇಂಗ್ಲಿಷಿನಲ್ಲಿ ಏನೋ ಅಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅದರಲ್ಲಿ ದುರುಗೇಶನಿಗೆ ತಿಳಿದದ್ದು ‘ಹಾಫ್’ ಎಂಬ ಒಂದೇ ಮಾತು. ಅವನ ಮುಖಕ್ಕೆ ನೇರ ಹೇಳಿದ್ದು ಒಂದೇ ವಿಷಯ: ಸಕ್ಕರೆ ಕಾಯಿಲೆ ಇದೆ, ಕೊಳೆತ ಮೇಲೇರಿದರೆ ಪಾದ ತೆಗೆಯಬೇಕಾಗುತ್ತದೆ, ಕಾದು ನೋಡೋಣ. ಕಾದು ನೋಡುವವರು ಯಾರು, ಕತ್ತರಿಸಿಕೊಳ್ಳುವವರು ಯಾರು.

ಭರಮಮ್ಮನ ಪಾದ ಎಂದರೆ ಅವಳ ಅನ್ನ. ಸಂಡೂರು ರಸ್ತೆಯ ಬದಿಯ ಸ್ಟಾಕ್ ಯಾರ್ಡಿನಲ್ಲಿ ಅದಿರು ಜರಡಿ ಹಿಡಿಯುವುದು ಅವಳ ಕೆಲಸ. ಗಂಡ ಸತ್ತ ಮೇಲೆ ದಿನವಿಡೀ ನಿಂತೇ ದುಡಿದು ಮಗನನ್ನು ಬೆಳೆಸಿದವಳು. ಸಲಿಕೆಯ ಅಂಚು ಬೆರಳ ಸಂದಿಗೆ ಬಡಿದಾಗ ನಶ್ಯ, ಸುಣ್ಣ ಮೆತ್ತಿ ಬಟ್ಟೆ ಕಟ್ಟಿಕೊಂಡು ಮರುದಿನ ಮತ್ತೆ ಜರಡಿಗೆ ಹೋಗಿದ್ದಳು. ಕಾಲು ಊದಿ ಕಪ್ಪಾಗಿ, ಜ್ವರ ಏರಿ ಬಡಬಡಿಸುವ ತನಕ ಮಗನಿಗೂ ತೋರಿಸಿರಲಿಲ್ಲ. ಆ ಕಾಲನ್ನು ಕತ್ತರಿಸುತ್ತಾರೆಂದರೆ, ಅರ್ಧ ಸೀಸೆ ಕದ್ದದ್ದಕ್ಕೇ ಕತ್ತರಿಸುತ್ತಾರೆಂದರೆ, ದುರುಗೇಶ ಸುಮ್ಮನಿರುವ ಮಗನಾಗಿರಲಿಲ್ಲ.

ನಗು ಅಡಗಿದ ಮೇಲೆ ಸಂಗಮ್ಮ ಅವನನ್ನು ಸಮಾಧಾನ ಮಾಡಲು ನೋಡಿದಳು. ಸಿಸ್ಟರ್ ಬಾಯಿ ಹಂಗೇ, ಕೈ ಮಾತ್ರ ಭಾಳ ಹಗುರ, ಸೂಜಿ ಚುಚ್ಚಿದ್ದೇ ತಿಳಿಯೋದಿಲ್ಲ ಎಂದಳು. ಭರಮಮ್ಮ ಗೋಡೆಯ ಕಡೆಯಿಂದಲೇ, ಆ ಹುಡುಗಿ ವಿಚಿತ್ರದವಳು, ಗಾಯ ಕಾಲಿಗಾದರೆ ದಿನಾ ಬಂದು ಕಿವಿಯಲ್ಲಿ ಗುಂಯ್ ಅನ್ನುತ್ತದಾ ಎಂದು ಕೇಳುತ್ತಾಳೆ, ಉಚ್ಚೆಯನ್ನು ಜಗ್ಗಿನಲ್ಲಿ ಹೊಯ್ಸಿ ಹಾಲು ಅಳೆದ ಹಾಗೆ ಅಳೆಯುತ್ತಾಳೆ, ಡೇರಿಗೆ ಹಾಕ್ತಾಳೋ ಏನೋ ಎಂದಳು. ಇಬ್ಬರೂ ನಕ್ಕರು. ದುರುಗೇಶ ನಗಲಿಲ್ಲ. ಅವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

ಸಂಡೂರು ರಸ್ತೆಯಲ್ಲಿ ಲಾರಿಗಳ ಲೈನು ಕಣ್ಣಿಗೆ ಕಾಣುವಷ್ಟು ದೂರ ನಿಂತಿತ್ತು. ತೂಕದ ಕಾಟಾ ಮುಟ್ಟುವ ತನಕ ಒಬ್ಬೊಬ್ಬ ಡ್ರೈವರನೂ ಹಗಲೆಲ್ಲ ಆ ಲೈನಿನಲ್ಲೇ ಉಣ್ಣಬೇಕು, ನಿದ್ದೆ ಮಾಡಬೇಕು. ಇಳಿದು ಹೋದರೆ ಪಾಳಿ ತಪ್ಪಿತು, ಟ್ರಿಪ್ಪು ಹೋಯಿತು. ಹಾಗಾಗಿ ಹೋಟೆಲ್ಲೂ ಲೈನಿಗೇ ಬರುತ್ತಿತ್ತು, ಕ್ಷೌರದವನೂ ಲೈನಿಗೇ ಬರುತ್ತಿದ್ದ, ಡಾಕ್ಟರೂ ಲೈನಿಗೇ ಬರುತ್ತಿದ್ದ. ಆ ಡಾಕ್ಟರನ ಹೆಸರು ಮರಿಸ್ವಾಮಿ. ಯಾವುದೋ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದವನು, ಅದಿರಿನ ಬೂಮ್ ಶುರುವಾದ ಮೇಲೆ ಒಂದು ಬೈಕು, ಒಂದು ಚರ್ಮದ ಚೀಲ ಇಟ್ಟುಕೊಂಡು ಸ್ವಂತಕ್ಕೆ ಇಳಿದಿದ್ದ. ಲಾರಿ ಪಕ್ಕ ಬೈಕ್ ನಿಲ್ಲಿಸುವುದು, ಡ್ರೈವರ್ ಬಾಗಿಲು ತೆರೆದು ಮಗ್ಗುಲಾಗಿ ಕೂಡುವುದು, ಸೂಜಿ ಚುಚ್ಚಿಸಿಕೊಳ್ಳುವುದು, ಮುಂದಿನ ಲಾರಿ. ಜ್ವರಕ್ಕೂ ಅದೇ ಸೂಜಿ, ಕುರುವಿಗೂ ಅದೇ ಸೂಜಿ, ಮೈ ಕೈ ನೋವಿಗೂ ಅದೇ ಸೂಜಿ. ಗುಣವಾದವರು ಅವನನ್ನು ಹೊಗಳಿದರು, ಗುಣವಾಗದವರು ಲೈನಿಗೆ ಬರಲಿಲ್ಲ.

ಮರಿಸ್ವಾಮಿ ದುರುಗೇಶನ ಕತೆಯನ್ನು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ, ನಗಲಿಲ್ಲ, ಮೈಮೇಲಿನ ಧೂಳಿನ ಮಾತು ಎತ್ತಲಿಲ್ಲ. ಬೈಕಿನ ಸೀಟು ಒರೆಸಿ, ಕುಂದ್ರಿ ಎಂದ. ಕೇಳಿ ಮುಗಿಸಿ ನಾಲಿಗೆಯಿಂದ ತ್ಚು ಎಂದು ಸದ್ದು ಮಾಡಿದ.

“ಅರ್ಧ ಸೀಸೆ ಹಾಕಿದ್ರ ಕ್ರಿಮಿ ಸಾಯಂಗಿಲ್ರಿ ಡ್ರೈವರ್ ಸಾಹೇಬ್ರ. ಅವಕ್ಕ ರುಚಿ ತೋರಿಸಿದಂಗ ಆಗ್ತದ, ಇನ್ನಷ್ಟು ಸೊಕ್ಕತಾವ. ಕಾಲು ತಗದ ಮ್ಯಾಲೆ ಯಾರನ್ನ ಕೇಳ್ತೀರಿ?”

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಬೇಗ ಒಳಗಿಳಿಯುತ್ತದೆ. ಅದಕ್ಕಿಂತ ಬೇಗ ಇಳಿದದ್ದು ‘ಸಾಹೇಬ್ರ’ ಎಂಬ ಮಾತು. ಹುಟ್ಟಿದಾಗಿನಿಂದ ಲೇ, ಮಗನೇ ಎಂದು ಕರೆಸಿಕೊಂಡವನಿಗೆ, ಅವತ್ತು ಬೆಳಿಗ್ಗೆಯಷ್ಟೇ ವಾರ್ಡಿನ ತುಂಬ ನಗೆಪಾಟಲಾದವನಿಗೆ ಅಷ್ಟು ಸಾಕಾಗಿತ್ತು.

ಮಧ್ಯಾಹ್ನವೇ ಅವನು ಆಟೋ ತಂದು ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿದ. ನಮ್ಮ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂಬ ಕಾಗದಕ್ಕೆ ಸಹಿ ಹಾಕಿದ. ಡಾಕ್ಟರು ಇಲ್ಲ, ಬರುವ ತನಕ ನಿಲ್ಲು ಎಂದು ಇನ್ನೊಬ್ಬ ಸಿಸ್ಟರ್ ಹೇಳಿದರೆ, ನಿಂತು ನಿಂತು ಕಾಲು ಕೊಳೆಯಿತು ಎಂದ. ಅವ್ವನನ್ನು ಎತ್ತಿ ಆಟೋದಲ್ಲಿ ಕೂಡಿಸುವಾಗ ಸುನಿತಾ ಒಳಗಿನಿಂದ ಓಡಿಬಂದಳು. ಕರಕೊಂಡು ಹೋಗುವುದಾದರೆ ಹೋಗು, ಆದರೆ ಹೊರಗೆ ಯಾರ ಕೈಲೂ ಈ ಸೂಜಿ ಹಾಕಿಸಬೇಡ, ಇವಳಿಗೆ ಅದು— ಎಂದು ಏನೋ ಹೇಳುತ್ತಿದ್ದಳು. ದುರುಗೇಶ ಆಟೋದವನ ಹೆಗಲು ತಟ್ಟಿದ. ಆಟೋ ಹೊರಟಿತು. ಉಳಿದ ಮಾತು ಸೈಲೆನ್ಸರಿನ ಸದ್ದಿನಲ್ಲಿ ಹೋಯಿತು. ಅವಳು ಗೇಟಿನಲ್ಲಿ ಕೈ ಎತ್ತಿಕೊಂಡೇ ನಿಂತದ್ದನ್ನು ಕನ್ನಡಿಯಲ್ಲಿ ನೋಡಿ, ಇನ್ನು ಯಾರ ಸೀಸೆಯಲ್ಲಿ ಕದಿಯುತ್ತಿ ಕದ್ದುಕೊ ಎಂದುಕೊಂಡ.

ಮರಿಸ್ವಾಮಿ ಮಾತಿಗೆ ತಪ್ಪಲಿಲ್ಲ. ಲೈನು ಮುಗಿಸಿಕೊಂಡು ದಿನಾ ಬೆಳಿಗ್ಗೆ, ಸಂಜೆ ಇವರ ತಗಡಿನ ಮನೆಯ ಮುಂದೆ ಬೈಕ್ ನಿಲ್ಲಿಸಿ, ಅದೇ ಔಷಧಿಯ ಪೂರ್ತಿ ಸೀಸೆ ಏರಿಸಿದ. ಅದಕ್ಕೆ ಅವನು ಜೆಂಟಾ ಎನ್ನುತ್ತಿದ್ದ, ಮನೆಯ ಹುಡುಗನ ಹೆಸರು ಹಿಡಿದು ಕರೆದ ಹಾಗೆ. ನೋವಿಗೆಂದು ಜತೆಗೆ ಹಳದಿ ಚೀಟಿಯ ಸೀಸೆಯಿಂದ ಇನ್ನೊಂದು ಸೂಜಿ. ದುರುಗೇಶ ಎದುರಿಗೆ ಕೂತು, ಸೀಸೆಯ ತಳ ಕಾಣುವ ತನಕ ಕಣ್ಣು ಕೀಳದೆ ನೋಡುತ್ತಿದ್ದ. ಕೊನೆಯ ಹನಿಯೂ ಸಿರಿಂಜಿಗೆ ಇಳಿದಾಗ ಅವನಿಗೆ ಲಾರಿಯ ಬಾಡಿ ಅಂಚು ಮೀರಿ ತುಂಬಿದಷ್ಟು ತೃಪ್ತಿ. ಹೆಚ್ಚು ಹಾಕಿದರೆ ಹೆಚ್ಚು ಲಾಭ. ಅವನ ಕಸುಬು ಅವನಿಗೆ ಹೇಳಿಕೊಟ್ಟ ಗಣಿತವೇ ಅದು.

ಮರಿಸ್ವಾಮಿ ಏನನ್ನೂ ಅಳೆಯಲಿಲ್ಲ, ಏನನ್ನೂ ಕೇಳಲಿಲ್ಲ. ಕಿವಿಯ ಸುದ್ದಿ ಎತ್ತಲಿಲ್ಲ. ಭರಮಮ್ಮನಿಗೆ ಅದೇ ಹಿತವಾಯಿತು. ಈ ಡಾಕ್ಟರ್ ಭಾಳ ಮರ್ಯಾದಸ್ತ, ಉಚ್ಚೆ ಕೇಳಂಗಿಲ್ಲ ಎಂದು ನೆರೆಯವರಿಗೆ ಹೇಳಿದಳು.

ಜ್ವರ ಇಳಿಯಿತು. ಕಾಲಿನ ಊತ ತಗ್ಗಿತು. ಗಾಯದ ಅಂಚಿನಲ್ಲಿ ಕಪ್ಪು ಹೋಗಿ ಕೆಂಪು ಮಾಂಸ ಕಾಣಿಸಿತು. ದುರುಗೇಶ ಲೈನಿನಲ್ಲಿ ಒಂದು ಲಾರಿಯಿಂದ ಇನ್ನೊಂದು ಲಾರಿಗೆ ಹತ್ತಿ ಇಳಿದು ಈ ಸುದ್ದಿ ಹೇಳಿದ. ಕಾಲು ಪೂರಾ ಒಣಗಲಿ, ಅವ್ವನನ್ನು ಹೊಸ ಸೀರೆ ಉಡಿಸಿ ಅದೇ ವಾರ್ಡಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಸುತ್ತೇನೆ ಎಂದ. ನಕ್ಕವರೆಲ್ಲ ನೋಡಲಿ.

ಆಮೇಲೆ ಒಂದು ಬೆಳಿಗ್ಗೆ ಭರಮಮ್ಮ ಎದ್ದು ನಿಂತವಳು ಪಕ್ಕಕ್ಕೆ ವಾಲಿ ನೀರಿನ ಕೊಡದ ಮೇಲೆ ಬಿದ್ದಳು. ನೆಲ ತಿರುಗುತ್ತದೆ ಎಂದಳು. ಕಿವಿಯಲ್ಲಿ ಜೀರುಂಡೆ ಕೂತ ಹಾಗೆ ಒಂದೇ ಸಮ ಸದ್ದು ಎಂದಳು. ನಂಜು ಹೋಗುವಾಗ ಹಾಗೆ ಆಗುತ್ತದೆ, ಮೈ ಉಷ್ಣವಾಗಿದೆ, ಮಜ್ಜಿಗೆ ಕುಡಿಸಿ ಎಂದ ಮರಿಸ್ವಾಮಿ. ಮಜ್ಜಿಗೆ ಕುಡಿಸಿದರು. ಸೂಜಿ ನಿಲ್ಲಲಿಲ್ಲ. ಮರುದಿನ ಅವಳ ಮುಖ ಉಬ್ಬಿತು, ಕಣ್ಣು ಗೀರಿನಷ್ಟಾದವು. ಕಾಲಿನ ಊತ ಹೋಗಿದ್ದು ಮುಖಕ್ಕೆ ಬಂತಲ್ಲ ಎಂದು ನೆರೆಯವಳೊಬ್ಬಳು ನಗೆಯಾಡಿದಳು. ದುರುಗೇಶನಿಗೆ ಅವತ್ತೇ ಒಳಗೊಳಗೆ ಅಳುಕು ಹುಟ್ಟಿತ್ತು. ಆದರೆ ಅಳುಕನ್ನು ಒಪ್ಪಿದರೆ ವಾರ್ಡಿನ ನಗು ನಿಜವಾದ ಹಾಗಾಗುತ್ತದೆ. ಅಳುಕನ್ನು ಲಾರಿಯಲ್ಲಿ ಕೂಡಿಸಿಕೊಂಡು ಗುಡ್ಡ ಹತ್ತಿ ಇಳಿದ. ಗೇರು ತಪ್ಪಿಸಿದ, ಎದುರು ಬಂದವನಿಗೆಲ್ಲ ಬೈದ.

ಸಂಜೆ ಬಂದಾಗ ಅವ್ವ ಹೊಸ್ತಿಲಲ್ಲಿ ಬೆನ್ನು ತಿರುಗಿಸಿಕೊಂಡು ಕೂತಿದ್ದಳು. ಲಾರಿ ಅವಳ ಹಿಂದೆಯೇ ಬಂದು ನಿಂತಿತು, ನೆಲ ನಡುಗಿತು. ಅವಳು ತಿರುಗಲಿಲ್ಲ. ಅವನು ಹಾರ್ನ್ ಹೊಡೆದ. ಬೀದಿ ನಾಯಿ ಎದ್ದು ಓಡಿತು, ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಇಳಿದು ಎದುರಿಗೆ ಹೋಗಿ ನಿಂತಾಗ ನೆರಳು ಬಿದ್ದದ್ದರಿಂದ ತಲೆ ಎತ್ತಿ, ಯಾವಾಗ ಬಂದಿ, ಸದ್ದ ಇಲ್ದಂಗ ಬಂದೀಯಲ್ಲ ಎಂದು ಕೇಳಿದಳು. ಕೇಳುವಾಗ ಕೂಗಿದಳು. ಉಚ್ಚೆ ಆಯಿತೇ ಎಂದು ಅವನು ಮೂರು ಸಲ ಕೂಗಿ ಕೇಳಿದ ಮೇಲೆ, ನಿನ್ನೆಯಿಂದ ಬಂದೇ ಇಲ್ಲ, ನೀರು ಕುಡಿದರೂ ಬರುತ್ತಿಲ್ಲ ಎಂದಳು.

ಆಗ ಅವನು ಆಟೋ ಹುಡುಕಲಿಲ್ಲ. ತುಂಬಿದ ಲೋಡು ತುಂಬಿದ ಹಾಗೆಯೇ ಇತ್ತು. ಅವಳನ್ನು ಕ್ಯಾಬಿನ್ನಿಗೆ ಎತ್ತಿ ಹಾಕಿಕೊಂಡು ಹೊಸಪೇಟೆಗೆ ಹೊಡೆದ. ಅದಿರಿನ ಲಾರಿ ಆಸ್ಪತ್ರೆಯ ಗೇಟಿನೊಳಗೆ ಹಿಡಿಸದೆ ರಸ್ತೆಯಲ್ಲೇ ನಿಂತಿತು.

ಡ್ಯೂಟಿಯಲ್ಲಿ ಸುನಿತಾ ಇದ್ದಳು. ಅವನು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೇ ಹೋಗಿದ್ದ. ಅವಳು ಬೈಯಲಿಲ್ಲ. ಭರಮಮ್ಮನ ಮುಖ ನೋಡಿದವಳೇ ಡಾಕ್ಟರಿಗೆ ಫೋನ್ ಮಾಡಿದಳು, ಆಮೇಲೆ ಅವನ ಕಡೆ ತಿರುಗಿ ಕೇಳಿದಳು: ಏನು ಸೂಜಿ ಹಾಕಿಸಿದಿ, ಎಷ್ಟು ಹಾಕಿಸಿದಿ, ಕೊನೆಯದು ಯಾವಾಗ? ಏನೂ ಇಲ್ಲ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವ್ವನ ಉಬ್ಬಿದ ಕೈ ಅವನ ಅಂಗಿ ಹಿಡಿದುಕೊಂಡಿತ್ತು. ಜೆಂಟಾ, ಪೂರ್ತಿ ಸೀಸೆ, ಎರಡು ಹೊತ್ತು, ಇವತ್ತು ಬೆಳಿಗ್ಗೆಯ ತನಕ ಎಂದು ಹೇಳಿಬಿಟ್ಟ. ಜತೆಗೆ ಇನ್ನೊಂದಿತ್ತು, ಅದರ ಹೆಸರು ಗೊತ್ತಿಲ್ಲ. ಅದು ಯಾವುದೆಂದು ತಿಳಿಯಲೇಬೇಕು ಎಂದಳು ಅವಳು.

ದುರುಗೇಶ ಸಂಡೂರು ರಸ್ತೆಗೆ ಹೋದಾಗ ಮರಿಸ್ವಾಮಿ ಅದೇ ಲೈನಿನಲ್ಲಿದ್ದ. ಒಬ್ಬ ಡ್ರೈವರನ ತೋಳಿಗೆ ಹತ್ತಿ ಒತ್ತುತ್ತಿದ್ದ. ದುರುಗೇಶ ವಿಷಯ ಹೇಳಿ ಆ ಎರಡನೇ ಸೂಜಿಯ ಹೆಸರು ಕೇಳಿದ. ಆಸ್ಪತ್ರೆ ಎಂಬ ಮಾತು ಕೇಳಿದ್ದೇ ಮರಿಸ್ವಾಮಿಯ ಮುಖ ಬೇರೆಯಾಯಿತು. ತಾನು ಯಾವ ಮುದುಕಿಗೂ ಯಾವ ಸೂಜಿಯನ್ನೂ ಹಾಕಿಲ್ಲ, ವಿಟಮಿನ್ ಹಾಕಿದ್ದರೆ ಹಾಕಿರಬಹುದು, ಇವನ್ಯಾರೋ ಕುಡಿದು ಬಂದಿದ್ದಾನೆ ಎಂದು ಸುತ್ತಲಿನವರಿಗೆ ಹೇಳಿದ. ಸಾಹೇಬ್ರ ಎನ್ನಲಿಲ್ಲ ಈ ಸಲ. ಬೈಕಿಗೆ ಕಿಕ್ ಹೊಡೆಯುವಷ್ಟರಲ್ಲಿ ದುರುಗೇಶ ಚರ್ಮದ ಚೀಲಕ್ಕೆ ಕೈ ಹಾಕಿದ. ಇಬ್ಬರೂ ಎಳೆದಾಡಿದರು. ಪಟ್ಟಿ ಹರಿದು ಸೀಸೆಗಳು ರಸ್ತೆಯ ಕೆಂಪು ಧೂಳಿನಲ್ಲಿ ಉರುಳಿದವು. ಲೈನು ಮುಂದೆ ಸರಿಯಿತೆಂದು ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಟೈರುಗಳ ನಡುವೆ ಮೊಣಕಾಲೂರಿ ತೆವಳಿ, ದಿನಾ ಎರಡು ಹೊತ್ತು ಕಣ್ಣು ಕೀಳದೆ ನೋಡಿದ್ದ ಆ ಹಳದಿ ಚೀಟಿಯ ಸೀಸೆಯನ್ನು ಅವನು ಆರಿಸಿಕೊಂಡ. ಮರಿಸ್ವಾಮಿಯನ್ನು ಹೊಡೆಯಬೇಕೆಂಬ ಆಸೆ ತೋಳಿನ ತನಕ ಬಂದಿತ್ತು. ಹೊಡೆಯಲು ಹೊತ್ತಿರಲಿಲ್ಲ.

ಸೀಸೆ ನೋಡಿ ಡಾಕ್ಟರು ತಲೆ ಅಲ್ಲಾಡಿಸಿದರು. ಅವತ್ತು ಮೊದಲ ಸಲ ಅವರು ಅವನ ಜತೆ ಕನ್ನಡದಲ್ಲಿ ಮಾತಾಡಿದರು. ನೋವಿನ ಈ ಸೂಜಿಯೂ ಕಿಡ್ನಿಗೆ ಕೆಟ್ಟದ್ದೇ, ಎರಡೂ ಸೇರಿ ಕಿಡ್ನಿ ಕುಂತಿದೆ, ಮೂತ್ರ ಶುರುವಾಗದಿದ್ದರೆ ಬಳ್ಳಾರಿಗೆ ಒಯ್ದು ಮಿಷಿನ್ನಿನಲ್ಲಿ ರಕ್ತ ತೊಳೆಸಬೇಕು ಎಂದು ಹೇಳಿ, ಬೇರೆ ಔಷಧಿ ಬರೆದು ಹೋದರು. ಉಳಿದದ್ದನ್ನು ಸುನಿತಾ ಹೇಳಿದಳು. ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತು, ಗಾಜ್ ಬಟ್ಟೆ ಮಡಚುತ್ತ, ಅವನ ಮುಖ ನೋಡದೆ ಹೇಳಿದಳು. ಈ ಜೆಂಟಾ ಒಳಗೆ ಹೋಗಿ ಕೆಲಸ ಮಾಡಿ ಮೂತ್ರದಲ್ಲಿ ಹೊರಬೀಳಬೇಕು. ಸಂಗಮ್ಮನ ಕಿಡ್ನಿ ಚೆನ್ನಾಗಿದೆ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಹೊರಗೆ. ನಿಮ್ಮವ್ವನ ಕಿಡ್ನಿ ಸಕ್ಕರೆಯಿಂದ ಮೊದಲೇ ಸೋತಿತ್ತು, ರಕ್ತದಲ್ಲಿ ಗೊತ್ತಾಗಿತ್ತು. ಇವಳೊಳಗೆ ಹೋದದ್ದು ಹೊರಗೆ ಬರಲು ದಿನಪೂರ್ತಿ ಬೇಕು. ಅದಕ್ಕೇ ಅರ್ಧ, ಅದಕ್ಕೇ ದಿನಕ್ಕೊಂದು. ಇವಳಿಗೆ ಅರ್ಧವೇ ಪೂರ್ತಿ. ಅದು ಒಳಗೆ ಕೂಡಿಕೊಂಡು ಹೆಚ್ಚಾದರೆ ಕಿಡ್ನಿಯನ್ನೂ ಕಿವಿಯನ್ನೂ ತಿನ್ನುತ್ತದೆ. ತಿನ್ನತೊಡಗಿತೇ ಎಂದು ನೋಡಲಿಕ್ಕೇ ಮೂತ್ರ ಅಳೆಯುವುದು, ಕಿವಿಯ ಬಗ್ಗೆ ಕೇಳುವುದು. ಸೀಸೆಯಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಚೆಲ್ಲುವುದು.

ಅನ್‌ಲೋಡ್ ಆಗದ ಲಾರಿಯ ಮೇಲೆ ಮತ್ತೆ ಲೋಡು, ಅದರ ಮೇಲೆ ಮತ್ತೆ ಲೋಡು. ದುರುಗೇಶನಿಗೆ ತಿಳಿಯಿತು. ಅಷ್ಟು ಸುಲಭದ ವಿಷಯ. ಆಕ್ಸಲ್ ಮುರಿದದ್ದನ್ನು ಅವನು ಎಷ್ಟು ಸಲ ನೋಡಿರಲಿಲ್ಲ? ತಿಳಿದ ಕೂಡಲೇ ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

“ಇಷ್ಟು ಮಾತು ಅವತ್ತೇ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ? ಧೂಳ ತೊಳಕೊಂಡು ಬಾ ಅಂದ್ರಿ.”

ಸುನಿತಾ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

“ನೀ ನನ್ನ ಕಳ್ಳಿ ಅಂದಿ. ಇಡೀ ವಾರ್ಡಿನ ಮುಂದ. ಕಳ್ಳಿ ಅನಿಸಿಕೊಂಡು ನಿಂಗ ಕುಂದ್ರಿಸಿ ಪಾಠ ಹೇಳಬೇಕಿತ್ತೇನು? ನಲವತ್ತು ಮಂಚಕ್ಕ ನಾ ಒಬ್ಬಾಕಿ.”

ಅವಳು ಮತ್ತೆ ಬಟ್ಟೆ ಮಡಚತೊಡಗಿದಳು. ಹೇಳಬೇಕಾದದ್ದನ್ನು ಹೇಳದವಳು ಅವಳು, ಕೇಳಬಾರದ ಹಾಗೆ ಕೇಳಿದವನು ಅವನು, ನಡುವೆ ಮಲಗಿದವಳು ಭರಮಮ್ಮ.

ಆಮೇಲಿನ ದಿನಗಳಲ್ಲಿ ಅವನು ಮಂಚದ ಕೆಳಗಿನ ಜಗ್ಗನ್ನೇ ನೋಡುತ್ತ ಕೂತ. ಕೂತ ಎನ್ನುವುದೂ ಸುಳ್ಳು; ಏಳುತ್ತಿದ್ದ, ವರಾಂಡಕ್ಕೆ ಹೋಗುತ್ತಿದ್ದ, ಬಂದು ಬಗ್ಗಿ ನೋಡುತ್ತಿದ್ದ. ತೂಕದ ಕಾಟಾದ ಮುಳ್ಳನ್ನು ಹಾಗೆ ಅವನು ಎಂದೂ ನೋಡಿರಲಿಲ್ಲ. ಲಾರಿಯನ್ನು ಮಾಲೀಕ ಬೇರೆಯವನ ಕೈಗೆ ಕೊಟ್ಟ. ಕೊಡಲಿ. ಕೊನೆಗೆ ಒಂದು ಮಧ್ಯಾಹ್ನ ಜಗ್ಗಿನ ತಳ ಮುಚ್ಚುವಷ್ಟು ಬಂತು, ಸಂಜೆಗೆ ಇನ್ನಷ್ಟು. ಬಳ್ಳಾರಿಗೆ ಒಯ್ಯುವುದು ತಪ್ಪಿತು. ಮುಖದ ಊತ ಇಳಿಯಿತು. ಗಾಯ ನಿಧಾನವಾಗಿ ಕೂಡಿಕೊಂಡಿತು, ಪಾದ ಉಳಿಯಿತು.

ಕಿವಿ ಬರಲಿಲ್ಲ. ಬರುತ್ತದೆಯೇ ಎಂದು ಅವನು ಡಾಕ್ಟರನ್ನು ವರಾಂಡದಲ್ಲಿ ಹಿಡಿದು ಕೇಳಿದ. ಈ ಔಷಧಿ ಒಯ್ದ ಕಿವಿ ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ, ಹತ್ತಿರ ಕೂತು ಕೂಗಿದರೆ ಅಷ್ಟಿಷ್ಟು ಕೇಳಬಹುದು, ನಡೆಯುವಾಗ ತೂಗಾಡುವುದು ಕೆಲ ಕಾಲ ಇರುತ್ತದೆ ಎಂದರು.

ಇದನ್ನಾಗಲಿ, ಕಿವಿ ಹೋದದ್ದು ಯಾತರಿಂದ ಎಂಬುದನ್ನಾಗಲಿ ಅವನು ಅವ್ವನಿಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ, ಬೆನ್ನಿನ ಗಾಯ ಅಂತೂ ಒಣಗಿ ಊರಿಗೆ ಹೊರಟಿದ್ದ ಸಂಗಮ್ಮ ಸೀರೆ ಬದಲಿಸಿ ವಿಭೂತಿ ಹಚ್ಚಿಕೊಂಡು ಭರಮಮ್ಮನನ್ನು ಮಾತಾಡಿಸಲು ಮಂಚದ ಬಳಿ ಬಂದಳು. ಅವಳ ಮನೆಯವರೆಲ್ಲ ಜತೆಗಿದ್ದರು, ಸುನಿತಾ ಪಕ್ಕದ ಮಂಚದವಳಿಗೆ ಸೂಜಿ ಹಾಕಲು ಟ್ರೇ ತಂದಿದ್ದಳು. ದುರುಗೇಶ ಹಾಲಿನ ಗ್ಲಾಸು ಹಿಡಿದು ತಲೆದಿಂಬಿನ ಹತ್ತಿರ ನಿಂತಿದ್ದ. ಹೆಂಗದೀ ಭರಮಕ್ಕ ಎಂದು ಸಂಗಮ್ಮ ಕೈಸನ್ನೆಯಲ್ಲಿ ಕೇಳಿದಳು.

ಭರಮಮ್ಮ ಎದ್ದು ಕೂತಳು. ಹುಷಾರಾದ ಮೇಲೆ ಅವಳಿಗೆ ಮಾತಾಡುವ ಆಸೆ ಬಂದಿತ್ತು. ತನ್ನ ದನಿ ತನಗೆ ಕೇಳದ್ದರಿಂದ ಕೂಗಿಯೇ ಮಾತಾಡಿದಳು, ಬಾಗಿಲ ತನಕ ಮುಟ್ಟುವಂತೆ.

“ಇವ್ರ ಅರ್ಧ ಸೂಜೀಲೇ ನನ್ನ ಕಿವಿ ಹೋತು ನೋಡವ್ವ. ನನ್ನ ಮಗ ಕರಕೊಂಡು ಹೋಗಿ ಪೂರಾ ಸೂಜಿ ಹಾಕಿಸಿದ್ದಕ್ಕ ಕಾಲಾರ ಉಳೀತು. ಇಲ್ದಿದ್ರ ಅದೂ ಹೋಗ್ತಿತ್ತು.”

ಯಾರೂ ನಗಲಿಲ್ಲ. ಸಂಗಮ್ಮನ ಮನೆಯವರು ಸುನಿತಾಳನ್ನು ನೋಡಿದರು. ಸುನಿತಾ ಸಿರಿಂಜನ್ನು ಬೆಳಕಿಗೆ ಹಿಡಿದವಳು ಹಾಗೆಯೇ ನಿಂತಳು. ಆಮೇಲೆ ದುರುಗೇಶನ ಮುಖ ನೋಡಿದಳು. ಬರೀ ನೋಡಿದಳು.

ಹೇಳುವುದಾದರೆ ಪಿಸುಗುಟ್ಟಿ ಹೇಳುವಂತಿರಲಿಲ್ಲ. ಅವ್ವನಿಗೆ ಮುಟ್ಟಬೇಕೆಂದರೆ ಈ ಮಂಚಗಳಿಗೆಲ್ಲ ಕೇಳುವ ಹಾಗೆ ಕೂಗಬೇಕಿತ್ತು.

ಭರಮಮ್ಮ ಮಗನ ಕಡೆ ತಿರುಗಿ ಅವನ ತೋಳು ಅಲ್ಲಾಡಿಸಿದಳು.

“ಹೌದಲ್ಲೇನೋ ದುರುಗ? ಇವ್ರಿಗೆ ನೀನಾರ ಹೇಳು.”

ಅವನು ಹಾಲಿನ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳ ಬೆರಳುಗಳನ್ನು ತೋಳಿನಿಂದ ಒಂದೊಂದಾಗಿ ಬಿಡಿಸಿದ. ಆಮೇಲೆ ಮಂಚಗಳ ನಡುವೆ, ಯಾರ ಮುಖವನ್ನೂ ನೋಡದೆ, ಬಾಗಿಲ ಕಡೆಗೆ ನಡೆದ. ಹಿಂದಿನಿಂದ ಅವ್ವ ಮತ್ತೆ ಕೇಳುತ್ತಿದ್ದಳು, ಏನಂದಿ, ಕೇಳಲಿಲ್ಲ ನಂಗ, ಏನಂದಿ ಎಂದು. ಅವನು ಮೆಟ್ಟಿಲು ಇಳಿದು ಗೇಟು ದಾಟಿ ರಸ್ತೆಗೆ ಬಿದ್ದ.